ಓವರ್‌ಕ್ಲಾಕಿಂಗ್: ವೇಗ ಕಂಪೆನಿಯದು, ಬಿಸಿ ಗ್ರಾಹಕನದು

ಬೆಂಗಳೂರು: ಮೊಸರು ತಿಂದ ಕೋತಿ ಮೇಕೆಯ ಬಾಯಿಗೆ ಒರೆಸಿತು ಎಂಬ ಗಾದೆ ನಮ್ಮಲ್ಲಿ ಹಳೆಯದು. 2023 ಮತ್ತು 2024ರಲ್ಲಿ ಡೆಸ್ಕ್‌ಟಾಪ್ ಕಂಪ್ಯೂಟರ್ ಲೋಕದಲ್ಲಿ ನಡೆದದ್ದನ್ನು ನೆನೆದರೆ ಆ ಗಾದೆಯೇ ನೆನಪಾಗುತ್ತದೆ. ಹೆಚ್ಚು ಬೆಲೆ ತೆತ್ತು ಅತ್ಯಂತ ವೇಗದ ಪ್ರೊಸೆಸರ್ ಕೊಂಡವರ ಗಣಕಗಳು ಆಟದ ನಡುವೆ ಹಠಾತ್ತನೆ ಸ್ಥಗಿತಗೊಳ್ಳತೊಡಗಿದವು. ‘ವಿಡಿಯೋ ಮೆಮೊರಿ ಸಾಲದು’ ಎಂಬರ್ಥದ ಸಂದೇಶ ಪರದೆಯ ಮೇಲೆ ಮೂಡಿ, ತಪ್ಪೆಲ್ಲ ಗ್ರಾಫಿಕ್ಸ್ ಕಾರ್ಡಿನದೆಂದು ಬೆರಳು ತೋರಿಸುತ್ತಿತ್ತು. ಆದರೆ ನಿಜವಾದ ರೋಗ ಇದ್ದದ್ದು ಪ್ರೊಸೆಸರ್‌ನಲ್ಲಿ. 2024ರ ಏಪ್ರಿಲ್‌ನಲ್ಲಿ ಗ್ರಾಫಿಕ್ಸ್ ಚಿಪ್ ತಯಾರಕ ಎನ್ವಿಡಿಯಾ ಕಂಪೆನಿಯೇ, ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಪ್ರೊಸೆಸರ್ ಉಳ್ಳವರು ಇಂಥ ದೋಷ ಕಂಡುಬಂದರೆ ಇಂಟೆಲ್‌ನ ನೆರವು ಕೋರಬೇಕೆಂದು ಸೂಚಿಸಬೇಕಾಯಿತು.

ತೊಂದರೆಗೆ ಸಿಲುಕಿದವರಲ್ಲಿ ಪ್ರೊಸೆಸರ್‌ನ ವೇಗವನ್ನು ಕೈಯಾರೆ ಏರಿಸಿದವರು ಮಾತ್ರ ಇರಲಿಲ್ಲ. ಯಾವ ಗುಂಡಿಯನ್ನೂ ಒತ್ತದೆ, ಯಾವ ಸೆಟ್ಟಿಂಗನ್ನೂ ಮುಟ್ಟದೆ, ಕಾರ್ಖಾನೆಯಿಂದ ಬಂದಂತೆಯೇ ಬಳಸಿದವರೂ ಇದ್ದರು. ಹಾಗಾದರೆ ಓವರ್‌ಕ್ಲಾಕಿಂಗ್ ಮಾಡಿದವರು ಯಾರು? ಹೊಸ ಡೆಸ್ಕ್‌ಟಾಪ್ ಕೊಳ್ಳಹೊರಟಿರುವ ಪ್ರತಿಯೊಬ್ಬರೂ ಕೇಳಿಕೊಳ್ಳಬೇಕಾದ ಪ್ರಶ್ನೆಯಿದು.

ಹವ್ಯಾಸಿಗಳ ಕಾಲ

ಪ್ರೊಸೆಸರ್ ತನ್ನ ಕೆಲಸವನ್ನು ಗಡಿಯಾರದ ಮಿಡಿತಕ್ಕೆ ತಾಳ ಹಾಕಿದಂತೆ ನಡೆಸುತ್ತದೆ. ಸೆಕೆಂಡಿಗೆ ಎಷ್ಟು ಮಿಡಿತ ಎಂಬುದನ್ನು ತಯಾರಕರು ನಿಗದಿಪಡಿಸಿರುತ್ತಾರೆ. ಆ ಮಿತಿಯನ್ನು ಮೀರಿ ಓಡಿಸುವುದೇ ಓವರ್‌ಕ್ಲಾಕಿಂಗ್. 1998ರ ಆಗಸ್ಟ್‌ನಲ್ಲಿ ಬಂದ ಇಂಟೆಲ್‌ನ ಸೆಲೆರಾನ್ 300ಎ ಇದಕ್ಕೆ ಹೆಸರುವಾಸಿ. 300 ಮೆಗಾಹರ್ಟ್ಜ್‌ನ ಆ ಅಗ್ಗದ ಚಿಪ್ಪಿಗೆ 66ರ ಬದಲು 100 ಮೆಗಾಹರ್ಟ್ಜ್ ಬಸ್ ವೇಗ ಕೊಟ್ಟರೆ ಅದು 450 ಮೆಗಾಹರ್ಟ್ಜ್‌ಗೆ ಏರುತ್ತಿತ್ತು. ದುಬಾರಿ ಪೆಂಟಿಯಂ 2 ಪ್ರೊಸೆಸರ್‌ಗೆ ಹೆಗಲೆಣೆಯಾಗಿ ನಿಲ್ಲುತ್ತಿತ್ತು.

ಇದು ಸಾಧ್ಯವಾದದ್ದು ತಯಾರಕರು ಸುರಕ್ಷತೆಗೆಂದು ಒಂದಿಷ್ಟು ಸಾಮರ್ಥ್ಯವನ್ನು ಮೀಸಲಿಟ್ಟಿದ್ದರಿಂದ. ಎಲ್ಲ ಚಿಪ್ಪುಗಳೂ ಒಂದೇ ಗುಣಮಟ್ಟದಲ್ಲಿ ತಯಾರಾಗುವುದಿಲ್ಲ. ದುರ್ಬಲ ಚಿಪ್ಪು ಕೂಡ ಬಿಸಿ ಕೋಣೆಯಲ್ಲಿ, ಸಾಧಾರಣ ಫ್ಯಾನಿನ ಅಡಿಯಲ್ಲಿ ವರ್ಷಗಟ್ಟಲೆ ಬಾಳಬೇಕು. ಅದಕ್ಕಾಗಿ ಬಿಟ್ಟ ಅಂತರವನ್ನೇ ಹವ್ಯಾಸಿಗಳು ಕಸಿದುಕೊಳ್ಳುತ್ತಿದ್ದರು. ಕೆಟ್ಟರೆ ಹೊಣೆ ಅವರದೇ ಆಗಿತ್ತು. ಮಾಡಿದ್ದುಣ್ಣೋ ಮಹಾರಾಯ ಎಂಬ ನ್ಯಾಯಕ್ಕೆ ಅಲ್ಲಿ ಅಪವಾದವಿರಲಿಲ್ಲ.

ಮೀಸಲು ಕರಗಿದ ಬಗೆ

ಇಂದು ಆ ಮೀಸಲು ಬಹುಮಟ್ಟಿಗೆ ಕರಗಿದೆ. ಇಂಟೆಲ್ ಮತ್ತು ಎಎಂಡಿ ನಡುವಿನ ಪೈಪೋಟಿ ಬಿರುಸಾದಂತೆ, ಚಿಪ್ಪಿನ ಕೊನೆಯ ಹನಿ ಶಕ್ತಿಯನ್ನೂ ಹಿಂಡಿ ಪೆಟ್ಟಿಗೆಯ ಮೇಲೆ ಅಚ್ಚು ಹಾಕುವ ಪರಿಪಾಠ ಬೆಳೆಯಿತು. 2022ರ ಅಕ್ಟೋಬರ್‌ನಲ್ಲಿ ಬಂದ ಕೋರ್ ಐ9-13900ಕೆ ಗರಿಷ್ಠ ವೇಗ 5.8 ಗಿಗಾಹರ್ಟ್ಜ್. 2023ರ ಅಕ್ಟೋಬರ್‌ನ 14900ಕೆ 6 ಗಿಗಾಹರ್ಟ್ಜ್. 2024ರ ಮಾರ್ಚ್‌ನಲ್ಲಿ ಬಂದ 14900ಕೆಎಸ್ 6.2 ಗಿಗಾಹರ್ಟ್ಜ್. ಐ9-14900ಕೆ ಪ್ರೊಸೆಸರ್‌ನ ಮೂಲ ವಿದ್ಯುತ್ ಮಿತಿ 125 ವ್ಯಾಟ್ ಆದರೆ, ಪೂರ್ಣ ವೇಗದ ಮಿತಿ 253 ವ್ಯಾಟ್. ಅದೂ ಸಾಲದೆಂಬಂತೆ ಹಲವು ಮದರ್‌ಬೋರ್ಡ್ ತಯಾರಕರು ಈ ಮಿತಿಯನ್ನೇ ತೆಗೆದುಹಾಕಿ, ತಮ್ಮ ಬೋರ್ಡೇ ಮೇಲೆಂದು ತೋರಿಸಿಕೊಳ್ಳಲು ಮುಂದಾದರು.

ಇಲ್ಲಿ ಸರಳ ಗಣಿತವೊಂದಿದೆ. ಚಿಪ್ಪು ನುಂಗುವ ವಿದ್ಯುತ್ತು ವೇಗಕ್ಕೆ ಅನುಗುಣವಾಗಿಯೂ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿಯೂ ಏರುತ್ತದೆ. ವೇಗವನ್ನು ಶೇ. 5ರಷ್ಟು ಹೆಚ್ಚಿಸಲು ವೋಲ್ಟೇಜನ್ನು ಶೇ. 10ರಷ್ಟು ಏರಿಸಬೇಕಾಯಿತು ಎಂದಿಟ್ಟುಕೊಳ್ಳಿ. ಆಗ ವಿದ್ಯುತ್ ಬಳಕೆ ಸುಮಾರು ಶೇ. 27ರಷ್ಟು ಹೆಚ್ಚುತ್ತದೆ. ಅಷ್ಟೂ ಶಾಖವಾಗಿ ಹೊರಬರುತ್ತದೆ. ಹೆಚ್ಚಿದ ವೋಲ್ಟೇಜು ಮತ್ತು ಶಾಖ ಜತೆಗೂಡಿದರೆ ಚಿಪ್ಪಿನ ಒಳಗಿನ ಸೂಕ್ಷ್ಮ ಮಂಡಲಗಳು ಬೇಗ ಮುಪ್ಪಾಗುತ್ತವೆ.

ಒಪ್ಪಿಕೊಳ್ಳಲು ಹಿಡಿದ ಕಾಲ

ಆದದ್ದೂ ಅದೇ. ಮೊದಲಿಗೆ ಸಂಶಯ ಹೋದದ್ದು ಮದರ್‌ಬೋರ್ಡುಗಳ ಮಿತಿಮೀರಿದ ಸೆಟ್ಟಿಂಗುಗಳ ಮೇಲೆ. 2024ರ ಜುಲೈನಲ್ಲಿ ಇಂಟೆಲ್, ತನ್ನದೇ ಮೈಕ್ರೊಕೋಡ್ ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜು ಕೇಳುತ್ತಿತ್ತು ಎಂದು ಒಪ್ಪಿಕೊಂಡಿತು. ಆಗಸ್ಟ್‌ನಲ್ಲಿ ಬಂದ 0ಎಕ್ಸ್129 ಎಂಬ ಪರಿಷ್ಕರಣೆ, ವೋಲ್ಟೇಜು 1.55 ವೋಲ್ಟ್ ದಾಟದಂತೆ ಕಡಿವಾಣ ಹಾಕಿತು. ಸೆಪ್ಟೆಂಬರ್‌ನಲ್ಲಿ ಕಂಪೆನಿ ಮೂಲ ಕಾರಣವನ್ನು ಪ್ರಕಟಿಸಿತು. ಗಡಿಯಾರದ ಮಿಡಿತವನ್ನು ಹಂಚುವ ಮಂಡಲವೇ ಅಧಿಕ ವೋಲ್ಟೇಜು ಮತ್ತು ತಾಪಕ್ಕೆ ಸಿಕ್ಕಿ ಸವೆಯುತ್ತದೆ ಎಂಬುದು ಅದರ ಸಾರ. ಗಣಕ ಸುಮ್ಮನಿರುವಾಗ ಅಥವಾ ಹಗುರ ಕೆಲಸ ಮಾಡುವಾಗಲೂ ಹೆಚ್ಚಿನ ವೋಲ್ಟೇಜು ಬೇಡುವ ಲೋಪವೂ ಆ ಪಟ್ಟಿಯಲ್ಲಿತ್ತು. ಅದಕ್ಕೆ 0ಎಕ್ಸ್12ಬಿ ಬಂದಿತು. 2025ರ ಮೇ ತಿಂಗಳಲ್ಲಿ, ದಿನಗಟ್ಟಲೆ ನಿಲ್ಲಿಸದೆ ಹಗುರ ಕೆಲಸಕ್ಕೆ ಬಳಸುವ ಗಣಕಗಳಿಗಾಗಿ 0ಎಕ್ಸ್12ಎಫ್ ಎಂಬ ಇನ್ನೊಂದು ಪರಿಷ್ಕರಣೆ ಹೊರಬಿತ್ತು.

ಗಮನಿಸಬೇಕಾದ ಸಂಗತಿಯೆಂದರೆ, ಈ ಪರಿಷ್ಕರಣೆಗಳು ಮುಂದಿನ ಹಾನಿಯನ್ನು ತಡೆಯಬಲ್ಲವೇ ಹೊರತು ಆಗಿಹೋದ ಹಾನಿಯನ್ನು ಸರಿಪಡಿಸಲಾರವು. ಸವೆದ ಚಿಪ್ಪಿಗೆ ಬದಲಿ ಚಿಪ್ಪೊಂದೇ ಮದ್ದು. ಇದನ್ನರಿತ ಇಂಟೆಲ್, ಪೀಡಿತ ಮಾದರಿಗಳಿಗೆ ಎರಡು ವರ್ಷ ಹೆಚ್ಚುವರಿ ವಾರಂಟಿ ಘೋಷಿಸಿ ಒಟ್ಟು ಅವಧಿಯನ್ನು ಐದು ವರ್ಷಕ್ಕೆ ಏರಿಸಿತು. 2022ರ ಅಕ್ಟೋಬರ್‌ನಲ್ಲಿ ಪೆಟ್ಟಿಗೆ ಸಮೇತ ಕೊಂಡವರಿಗೆ 2027ರ ಅಕ್ಟೋಬರ್‌ವರೆಗೆ ಇದರ ಲಾಭ ಉಂಟು. ಬಿಲ್ಲನ್ನು ಕಸದ ಬುಟ್ಟಿಗೆ ಹಾಕಿದವರು ಈಗಲಾದರೂ ಹುಡುಕುವುದು ಒಳ್ಳೆಯದು.

ಎದುರಾಳಿಯೂ ಇದರಿಂದ ಪೂರ್ತಿ ಮುಕ್ತವಲ್ಲ. 2023ರ ಏಪ್ರಿಲ್‌ನಲ್ಲಿ ಎಎಂಡಿಯ ರೈಜೆನ್ 7 7800ಎಕ್ಸ್3ಡಿ ಚಿಪ್ಪುಗಳು ಕೆಲವು ಬೋರ್ಡುಗಳ ಮೇಲೆ ಸುಟ್ಟು ಉಬ್ಬಿದ ಪ್ರಕರಣಗಳು ಬೆಳಕಿಗೆ ಬಂದಿದ್ದವು. ಎಸ್‌ಒಸಿ ವೋಲ್ಟೇಜು 1.3 ವೋಲ್ಟ್ ಮೀರದಂತೆ ಎಎಂಡಿ ಮಿತಿ ಹೇರಬೇಕಾಯಿತು. ಅಲ್ಲಿಯೂ ಅತಿ ವೋಲ್ಟೇಜೇ ಅಪರಾಧಿ.

ತಂಪು ಎಂಬ ಭ್ರಮೆ

ದೊಡ್ಡ ಕೂಲರ್ ಹಾಕಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಅದು ಅರ್ಧಸತ್ಯ. ಗಾಳಿಯ ಕೂಲರ್ ಇರಲಿ, ದ್ರವದ ಕೂಲರ್ ಇರಲಿ, ಎರಡೂ ಮಾಡುವುದು ಶಾಖವನ್ನು ಚಿಪ್ಪಿನಿಂದ ಕೋಣೆಯ ಗಾಳಿಗೆ ಸಾಗಿಸುವ ಕೆಲಸವನ್ನೇ. ಕೋಣೆಗಿಂತ ತಣ್ಣಗೆ ಅವು ಚಿಪ್ಪನ್ನು ಇಡಲಾರವು. ಒಂದು ಕೂಲರ್ ಚಿಪ್ಪನ್ನು ಕೋಣೆಗಿಂತ 60 ಡಿಗ್ರಿ ಹೆಚ್ಚಿನ ತಾಪದಲ್ಲಿ ಹಿಡಿದಿಡುತ್ತದೆ ಎನ್ನೋಣ. 25 ಡಿಗ್ರಿಯ ಕೋಣೆಯಲ್ಲಿ ಅದು 85 ಡಿಗ್ರಿ. ಕಲಬುರಗಿ, ರಾಯಚೂರಿನ ಬೇಸಿಗೆಯ 40 ಡಿಗ್ರಿಯಲ್ಲಿ ಅದೇ 100 ಡಿಗ್ರಿ. ಈ ಇಂಟೆಲ್ ಚಿಪ್ಪುಗಳ ಗರಿಷ್ಠ ಮಿತಿ 100 ಡಿಗ್ರಿ. ಅಲ್ಲಿಗೆ ಬಂದೊಡನೆ ಅವು ತಾವಾಗಿಯೇ ವೇಗ ತಗ್ಗಿಸಿಕೊಳ್ಳುತ್ತವೆ. ಅಂದರೆ ತಣ್ಣನೆಯ ದೇಶದ ಪ್ರಯೋಗಾಲಯದಲ್ಲಿ ಬರೆದ ವಿಮರ್ಶೆಯ ಅಂಕಿಗಳು ನಮ್ಮ ಬೇಸಿಗೆಯ ಕೋಣೆಗೆ ಅನ್ವಯಿಸಬೇಕೆಂದಿಲ್ಲ.

ವಿದ್ಯುತ್ ಕಡಿತದ ಮಾತೂ ಇದೆ. ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ 600 ವಿಎ ಯುಪಿಎಸ್‌ಗಳು ಸುಮಾರು 360 ವ್ಯಾಟ್ ಹೊರಬಲ್ಲವು. 253 ವ್ಯಾಟಿನ ಪ್ರೊಸೆಸರ್ ಜತೆಗೆ ದೊಡ್ಡ ಗ್ರಾಫಿಕ್ಸ್ ಕಾರ್ಡು ಸೇರಿದರೆ ಅದು ಕೈಕೊಡುವುದು ಖಚಿತ.

ಕೊಳ್ಳುವ ಮುನ್ನ

ಹಾಗಾದರೆ ಏನು ಮಾಡಬೇಕು? ಮೊದಲನೆಯದಾಗಿ, ಗಿಗಾಹರ್ಟ್ಜ್ ಎಂಬ ಒಂದೇ ಅಂಕಿಗೆ ಮರುಳಾಗಬಾರದು. 2024ರ ಅಕ್ಟೋಬರ್‌ನಲ್ಲಿ ಇಂಟೆಲ್ ಬಿಡುಗಡೆ ಮಾಡಿದ ಕೋರ್ ಅಲ್ಟ್ರಾ 9 285ಕೆ ಪ್ರೊಸೆಸರ್‌ನ ಗರಿಷ್ಠ ವೇಗ 5.7 ಗಿಗಾಹರ್ಟ್ಜ್, ಹಿಂದಿನ ಪೀಳಿಗೆಗಿಂತ ಕಡಿಮೆ. ಈ ಸರಣಿಗೆ ಹಳೆಯ ದೋಷ ತಟ್ಟಿಲ್ಲವೆಂದು ಕಂಪೆನಿ ಹೇಳಿದೆ. ಅದೇ ನವೆಂಬರ್‌ನಲ್ಲಿ ಬಂದ ಎಎಂಡಿಯ ರೈಜೆನ್ 7 9800ಎಕ್ಸ್3ಡಿ ಕೇವಲ 5.2 ಗಿಗಾಹರ್ಟ್ಜ್‌ನದು. ಆದರೂ 96 ಮೆಗಾಬೈಟ್ ಎಲ್3 ಕ್ಯಾಶೆಯ ಬಲದಿಂದ ಆಟಗಳಲ್ಲಿ ಹೆಚ್ಚು ವೇಗದ ಚಿಪ್ಪುಗಳನ್ನು ಹಿಂದಿಕ್ಕಿತು. ಈ ಹೆಚ್ಚುವರಿ ಕ್ಯಾಶೆಯನ್ನು ಕೋರ್‌ಗಳ ಮೇಲಿನಿಂದ ಕೆಳಕ್ಕೆ ಸರಿಸಿದ್ದರಿಂದ ಶಾಖ ಹೊರಹೋಗುವ ದಾರಿಯೂ ಸಲೀಸಾಯಿತು.

ಎರಡನೆಯದಾಗಿ, ಪೆಟ್ಟಿಗೆ ಸಮೇತ ಬರುವ ಪ್ರೊಸೆಸರ್‌ಗೂ ಬಿಡಿಯಾಗಿ ಮಾರುವ ‘ಟ್ರೇ’ ಪ್ರೊಸೆಸರ್‌ಗೂ ವ್ಯತ್ಯಾಸವಿದೆ. ಎರಡನೆಯದರ ವಾರಂಟಿ ಹೊಣೆ ಸಾಮಾನ್ಯವಾಗಿ ಮಾರಾಟಗಾರ ಅಥವಾ ಗಣಕ ಜೋಡಿಸಿದವನದು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿರಲಿ, ಊರಿನ ಅಂಗಡಿಯಲ್ಲಿರಲಿ, ಕೊಳ್ಳುವಾಗ ಇದನ್ನು ಕೇಳಿ ಬಿಲ್ಲಿನಲ್ಲಿ ಬರೆಯಿಸಿಕೊಳ್ಳಬೇಕು. ಹಳೆಯ 13 ಅಥವಾ 14ನೇ ಪೀಳಿಗೆಯ ಐ7, ಐ9 ಚಿಪ್ಪು ಅಗ್ಗಕ್ಕೆ ಸಿಕ್ಕಿತೆಂದು ಬಿಲ್ಲಿಲ್ಲದೆ ಕೊಳ್ಳುವುದು ಜಾಣತನವಲ್ಲ. ಈಗಾಗಲೇ ಅಂಥ ಗಣಕವಿರುವವರು ಮದರ್‌ಬೋರ್ಡಿನ ಬಯೋಸ್ ಪರಿಷ್ಕರಿಸಿ, ಇಂಟೆಲ್‌ನ ಪೂರ್ವನಿಗದಿತ ಸೆಟ್ಟಿಂಗನ್ನೇ ಆಯ್ದುಕೊಳ್ಳುವುದು ಕ್ಷೇಮ.

ಮೂರನೆಯದಾಗಿ, ಇಂದಿನ ಬುದ್ಧಿವಂತಿಕೆ ವೇಗ ಏರಿಸುವುದರಲ್ಲಿಲ್ಲ, ಇಳಿಸುವುದರಲ್ಲಿದೆ. ತಯಾರಕರೇ ತುತ್ತತುದಿಗೆ ಏರಿಸಿಟ್ಟಿರುವುದರಿಂದ ಕೈಯಾರೆ ಮಾಡುವ ಓವರ್‌ಕ್ಲಾಕಿಂಗ್‌ನಿಂದ ಸಿಗುವ ಲಾಭ ಅಲ್ಪ. ಬದಲಿಗೆ ಎಎಂಡಿಯ ಇಕೋ ಮೋಡ್‌ನಂಥ ಸೌಲಭ್ಯ ಬಳಸಿಯೋ ಬಯೋಸ್‌ನಲ್ಲಿ ವಿದ್ಯುತ್ ಮಿತಿ ತಗ್ಗಿಸಿಯೋ ನೋಡಿದರೆ, ವೇಗದಲ್ಲಿ ಕಳೆದುಕೊಳ್ಳುವುದು ಸ್ವಲ್ಪ, ಶಾಖ ಮತ್ತು ಫ್ಯಾನಿನ ಸದ್ದಿನಲ್ಲಿ ಉಳಿಸಿಕೊಳ್ಳುವುದು ಬಹಳ. ಮೇಲೆ ಹೇಳಿದ ವರ್ಗದ ಗಣಿತ ಇಳಿಯುವಾಗಲೂ ಅಷ್ಟೇ ನಿಷ್ಠೆಯಿಂದ ಕೆಲಸ ಮಾಡುತ್ತದೆ.

ಇಷ್ಟಾದರೂ ಮೂಲ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಬಳಕೆದಾರ ತಾನಾಗಿ ಮಿತಿ ಮೀರಿದರೆ ವಾರಂಟಿ ಇಲ್ಲವೆನ್ನುವ ಉದ್ಯಮ, ತಾನೇ ಮಿತಿಯ ಅಂಚಿಗೆ ತಂದು ಮಾರಿದಾಗ ಅದನ್ನು ಸಾಧನೆ ಎಂದು ಜಾಹೀರಾತು ನೀಡಿತು. ವಾರಂಟಿ ವಿಸ್ತರಣೆ ಸ್ವಾಗತಾರ್ಹವೇ. ಆದರೆ ತಿಂಗಳುಗಟ್ಟಲೆ ಗ್ರಾಫಿಕ್ಸ್ ಕಾರ್ಡನ್ನೋ ಮೆಮೊರಿಯನ್ನೋ ಶಪಿಸುತ್ತ, ಅಂಗಡಿಯಿಂದ ಅಂಗಡಿಗೆ ಅಲೆದವರ ಸಮಯಕ್ಕೆ ವಾರಂಟಿ ಕಾರ್ಡಿನಲ್ಲಿ ಜಾಗವಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತನ್ನು ಹಿರಿಯರು ಇಷ್ಟು ಕಾಲ ಕೊಳ್ಳುವವರಿಗೆ ಹೇಳುತ್ತಿದ್ದರು. ಇನ್ನು ಮುಂದೆ ಅದನ್ನು ಮಾರುವವರಿಗೂ ಹೇಳಬೇಕಾದೀತು.