ಹುಟ್ಟುವ ಮೊದಲೇ ಜ್ಞಾನಸ್ನಾನ!

ಕಲ್ಯಾಣದುರ್ಗದ ಹುಡುಗನೊಂದಿಗೆ ಮದುವೆ ಗೊತ್ತಾದ ನಮ್ಮ ಹಿಂದೂಪುರದ ಅಕ್ಕನೊಬ್ಬರಿಗೆ ಜ್ಞಾನಸ್ನಾನದ ಪ್ರಮಾಣಪತ್ರ ಬೇಕಿತ್ತು. ಪ್ರಿಂಟ್ ತೆಗೆದು ಫಾದರ್ ಸಹಿಗೆ ಇಟ್ಟೆ. ಹುಟ್ಟಿದ್ದು 1998, ಜ್ಞಾನಸ್ನಾನ 1989! ಹಳೆಯ ರಿಜಿಸ್ಟರಿನಿಂದ ಕಂಪ್ಯೂಟರಿಗೆ ಏರಿಸುವಾಗ ಅಂಕಿ ತಿರುಗಾಮುರುಗಾ ಮಾಡಿದವನು ನಾನೇ. ಫಾದರ್ ಗಮನಿಸದಿದ್ದರೆ ಅದೇ ಕಾಗದ ಮದುವೆಯ ದಾಖಲೆ ಸೇರುತ್ತಿತ್ತು.

ನಾವು ಬಳಸುವುದು ಉಚಿತವಾಗಿ ಸಿಗುವ ಓಪನ್ ಸೋರ್ಸ್ ತಂತ್ರಾಂಶ. ಏನು ಟೈಪಿಸಿದರೂ ಅದು ಪರೀಕ್ಷಿಸದೆ ನುಂಗುತ್ತದೆ. ಇದನ್ನು ತಯಾರಿಸಿದವರಿಗೆ ವರದಿ ಮಾಡಬೇಕೇ? ಯುವಜನರ ಕೂಟದಲ್ಲಿ ಕೇಳಿದರೆ, "ತಪ್ಪು ನಿನ್ನದು, ದೂರು ಅವರ ಮೇಲಾ? ದಾನ ಕೊಟ್ಟ ಆಕಳ ಹಲ್ಲು ಎಣಿಸಬೇಡ" ಅಂದರು. ಅರ್ಧ ನಿಜ. ಸಂಬಳವಿಲ್ಲದೆ ದುಡಿಯುವವರ ತಲೆಗೆ ಕಂಡಕಂಡದ್ದನ್ನೆಲ್ಲ ಹೊರಿಸಬಾರದು.

ಆದರೆ ಪೆಟ್ಟು ಯಾರಿಗೆ ಬೀಳುತ್ತದೆ ಎಂಬುದನ್ನೂ ನೋಡಬೇಕಲ್ಲ? ಫೋನ್ ನಂಬರಿನ ಜಾಗದಲ್ಲಿ ಹೆಸರು ಬರೆದರೆ ಕರೆ ಹೋಗುವುದಿಲ್ಲ, ನನಗೇ ಗೊತ್ತಾಗುತ್ತದೆ. ಅದನ್ನು ಬಿಟ್ಟುಬಿಡಬಹುದು. ದಿನಾಂಕದ ತಪ್ಪು ಸದ್ದಿಲ್ಲದೆ ಕೂತಿದ್ದು, ವರ್ಷಗಳ ನಂತರ ಟೈಪಿಸದೇ ಇದ್ದವರನ್ನು ಕಾಡುತ್ತದೆ.

"ಹಾಗೆಲ್ಲ ಯಾರು ಟೈಪಿಸುತ್ತಾರೆ?" ಎಂಬ ಮಾತನ್ನಂತೂ ನಾನು ಒಪ್ಪಲಾರೆ. 2014ರ ಏಪ್ರಿಲ್‌ನಲ್ಲಿ ಬಯಲಾದ ಹಾರ್ಟ್‌ಬ್ಲೀಡ್ ದೋಷ ಇಂಥದ್ದೇ. ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶಕ್ಕೆ ಒಂದೇ ಅಕ್ಷರ ಕಳಿಸಿ "ಇದು 64 ಕೆಬಿ ಇದೆ" ಎಂದು ಸುಳ್ಳು ಹೇಳಿದರೂ ಅದು ಅಳೆದು ನೋಡುತ್ತಿರಲಿಲ್ಲ. ತನ್ನ ಮೆಮೊರಿಯಲ್ಲಿ ಪಕ್ಕದಲ್ಲಿದ್ದದ್ದನ್ನೆಲ್ಲ ಸೇರಿಸಿ ಅಷ್ಟನ್ನೂ ವಾಪಸು ಕೊಡುತ್ತಿತ್ತು. ಅದರಲ್ಲಿ ಬೇರೆಯವರ ಪಾಸ್‌ವರ್ಡ್ ಕೂಡ ಇರಬಹುದಿತ್ತು. ಎರಡು ವರ್ಷ ಆ ತೂತು ಹಾಗೇ ಇತ್ತು. ಇಂಥ ಭದ್ರತೆಯ ದೋಷ ಕಂಡರೆ ಎಲ್ಲರೆದುರು ಬರೆಯದೆ ತಯಾರಿಸಿದವರಿಗೆ ಮಾತ್ರ ಗುಟ್ಟಾಗಿ ತಿಳಿಸಬೇಕು. ಸಹೋದರನ ತಪ್ಪನ್ನು ಮೊದಲು ಅವನೊಬ್ಬನಿಗೇ ಹೇಳಿ ಎಂದು ಮತ್ತಾಯನ 18ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಕಲಿಸಿದ್ದಾರಲ್ಲ, ಹಾಗೆ. ನಮ್ಮ ದಿನಾಂಕದ ವಿಷಯದಲ್ಲಿ ಅಷ್ಟು ಗುಟ್ಟು ಬೇಕಿಲ್ಲ.

ಕೊನೆಗೆ ಬರೆದೆ. ಮೊದಲ ಕರಡಿನಲ್ಲಿ "ಹುಟ್ಟಿದ ದಿನಾಂಕ ಕಡ್ಡಾಯ ಮಾಡಿ" ಅಂದಿದ್ದೆ, ಅಳಿಸಿದೆ. ನಮ್ಮ ಎಷ್ಟೋ ಅಜ್ಜಿಯರಿಗೆ ಹುಟ್ಟಿದ ವರ್ಷವೇ ಸರಿಯಾಗಿ ಗೊತ್ತಿಲ್ಲ. ಅರವತ್ತರಲ್ಲಿ ಜ್ಞಾನಸ್ನಾನ ಪಡೆದರೂ ತಪ್ಪಲ್ಲ. ಹಾಗಾಗಿ ಕೇಳಿದ್ದು ಒಂದೇ: ಹುಟ್ಟುವ ಮೊದಲಿನ ದಿನಾಂಕ ಹಾಕಿದರೆ ಎಚ್ಚರಿಸಲಿ. ಬೇರೆ ಯಾರೂ ಇದನ್ನು ಬರೆದಿಲ್ಲ ಎಂದು ಮೊದಲು ಹುಡುಕಿ ನೋಡಿ, ಟೈಪಿಸಿದ್ದೇನು, ಬಂದದ್ದೇನು, ತಂತ್ರಾಂಶದ ಆವೃತ್ತಿ ಯಾವುದು ಎಂದು ತಿಳಿಸಿದೆ. ಅಕ್ಕನ ಹೆಸರಿನ ಬದಲು ಸುಳ್ಳು ಹೆಸರು ಹಾಕಿದೆ.

ಅವರು ಸರಿಪಡಿಸುವವರೆಗೆ ನಾವು ಕಾಯುವಂತಿಲ್ಲ. ನಾನು ಏರಿಸಿದ ಎಲ್ಲ ದಿನಾಂಕಗಳನ್ನೂ ಹಳೆಯ ರಿಜಿಸ್ಟರಿನೊಂದಿಗೆ ತಾಳೆ ನೋಡಬೇಕು. ಈ ಭಾನುವಾರ ಬಲಿಪೂಜೆ ಮುಗಿದ ಮೇಲೆ ಇಬ್ಬರು ಉಳಿದುಕೊಂಡರೆ ಸಾಕು. ಒಬ್ಬರು ಓದಲಿ, ಒಬ್ಬರು ನೋಡಲಿ. ಟೈಪಿಸುವುದು ಮಾತ್ರ ಈ ಸಲ ನಾನಲ್ಲ.