ವಾಹನ ಪರೀಕ್ಷೆಯೂ ನಮ್ಮ ಹೆಣ್ಣುಮಕ್ಕಳೂ



ಅಂಗದಲ್ಲಿ ಊನವುಳ್ಳ ಮಗಳು ಕಾರು ನಡಿಸಲು ಕಲಿಯುವೆನೆಂದರೆ, "ನಿನಗೇತಕ್ಕಮ್ಮ ಆ ಗೊಡವೆ? ನಾವೇ ಕರಕೊಂಡು ಹೋಗುವೆವು" ಎನ್ನುವ ಮನೆಗಳು ಬಹಳ. ಈ ಮಾತು ಪ್ರೀತಿಯಿಂದಲೇ ಹುಟ್ಟುವದು. ಆದರೂ ಮಗಳು ಜೀವಮಾನವೆಲ್ಲಾ ಇತರರ ಬಿಡುವನ್ನು ಕಾಯಬೇಕಾಗುವದು.

ಕೇರಳದ ತೊಡುಪುಳದ ಕಡೆಯವರಾದ ಜಿಲುಮೋಳ್ ಮೇರಿಯಟ್ ಥಾಮಸ್ ಎಂಬವರಿಗೆ ಹುಟ್ಟಿನಿಂದಲೇ ತೋಳುಗಳಿಲ್ಲ. ಅವರು ಪಾದಗಳಿಂದ ಕಾರು ನಡಿಸಲು ಕಲಿತರು. ಮೊದಲು ಅಧಿಕಾರಿಗಳು ಒಪ್ಪದಿದ್ದರೂ ಎದೆಗುಂದದೆ, ತಮಗೆ ತಕ್ಕಂತೆ ಮಾರ್ಪಡಿಸಿದ ಕಾರಿನಲ್ಲಿ ಪರೀಕ್ಷೆಗೆ ನಿಂತು, 2023ರಲ್ಲಿ ಲೈಸೆನ್ಸನ್ನು ಪಡೆದರು.

ಕಾನೂನು ಬಾಗಿಲನ್ನು ಮುಚ್ಚಿಲ್ಲ. ಊನವುಳ್ಳವರಿಗಾಗಿ ಮಾರ್ಪಡಿಸಿದ ವಾಹನವನ್ನು ನಡಿಸಲು ಶಕ್ತರಾದವರಿಗೆ 1988ರ ಮೋಟಾರು ವಾಹನ ಕಾಯಿದೆಯಲ್ಲಿ ಅವಕಾಶವುಂಟು. ಕಲಿಯುವವರ ಲೈಸೆನ್ಸು ದೊರೆತು 30 ದಿನ ಕಳೆದ ಮೇಲೆ ಪರೀಕ್ಷೆಗೆ ಹೋಗಬಹುದು. ಎಡಗಾಲು ಬಲಹೀನವಾದವಳಿಗೆ ಕ್ಲಚ್ಚಿಲ್ಲದ ಕಾರು ಒದಗುವದು. ಎರಡು ಕಾಲುಗಳೂ ನಡೆಯದವಳಿಗೆ ಬ್ರೇಕನ್ನೂ ಆಕ್ಸಿಲರೇಟರನ್ನೂ ಕೈಯಿಂದ ನಡಿಸುವ ಸಲಕರಣೆಗಳುಂಟು.

ಪರೀಕ್ಷೆಯನ್ನು ಸಡಿಲಿಸಬೇಕೆಂದು ನನ್ನ ಅಭಿಪ್ರಾಯವಲ್ಲ. ದಾರಿಹೋಕರ ಪ್ರಾಣವು ಎಲ್ಲಕ್ಕಿಂತ ದೊಡ್ಡದು. ಆಕೆಯೂ ಎಲ್ಲರಂತೆ ಪರೀಕ್ಷೆ ಕೊಡಲಿ. ತಪ್ಪಿದರೆ ಇನ್ನೊಮ್ಮೆ ಕಲಿಯಲಿ. ಆದರೆ ತನಗೊಪ್ಪುವ ವಾಹನದ ಮೇಲೆ ಆಕೆಗಿರುವ ಹತೋಟಿಯನ್ನೇ ಅಲ್ಲಿ ನೋಡತಕ್ಕದ್ದು. ಪರೀಕ್ಷಾಧಿಕಾರಿಯು ನೋಡುವದಕ್ಕೆ ಮುಂಚೆ ಮನೆಯವರೇ ಆಕೆಯನ್ನು ಫೇಲು ಮಾಡುವದು ನ್ಯಾಯವಲ್ಲ. ವಾಹನ ನಡಿಸಬಲ್ಲ ನಮ್ಮ ಹಳೆಯ ವಿದ್ಯಾರ್ಥಿನಿಯರು ಇಂಥ ತಂಗಿಯರ ಪಕ್ಕದಲ್ಲಿ ಕೂತು ಧೈರ್ಯ ಕೊಡುವರೆಂದು ನಂಬುತ್ತೇನೆ.