ಹಾಡಿನ ಜೊತೆ ಸ್ವರವನ್ನೂ ಕೊಡಿ

ಕನ್ನಡದಲ್ಲಿ ಮಕ್ಕಳು ಹಾಡುವ ಹಾಡಿಗೆ ಬರವಿಲ್ಲ. ಶಿಶುಗೀತೆ, ಭಾವಗೀತೆ, ವಚನ, ತತ್ವಪದ, ರಂಗಗೀತೆ, ಪರಿಸರದ ಹಾಡು ಎಲ್ಲವೂ ಉಂಟು. ಹೊಸ ಧಾಟಿಗಳೂ ವರ್ಷವರ್ಷ ಹುಟ್ಟುತ್ತಿವೆ. ಬರ ಇರುವುದು ಆ ಧಾಟಿಯನ್ನು ಬರೆದಿಟ್ಟ ಕಾಗದಕ್ಕೆ. ಪಠ್ಯಪುಸ್ತಕ ತೆರೆದರೆ ಪದ್ಯ ಇರುತ್ತದೆ, ಕವಿಪರಿಚಯ ಇರುತ್ತದೆ, ಪದಗಳ ಅರ್ಥ ಇರುತ್ತದೆ, ರಾಗವಾಗಿ ಹಾಡಿಸಿ ಎಂಬ ಸೂಚನೆಯೂ ಇರುತ್ತದೆ. ಯಾವ ರಾಗ, ಯಾವ ತಾಳ, ಎತ್ತುಗಡೆ ಎಲ್ಲಿ ಎಂದು ಕೇಳಿದರೆ ಪುಸ್ತಕ ತುಟಿ ಬಿಚ್ಚುವುದಿಲ್ಲ.

ಈ ಮಾತೆತ್ತಿದಾಗಲೆಲ್ಲ ಸಂಗೀತ ಬಲ್ಲವರು ನನಗೆ ಕೊಡುವ ಉತ್ತರ ಒಂದೇ. "ನಮ್ಮದು ಗುರುಮುಖದ ವಿದ್ಯೆ ಮೇಡಂ, ಕಾಗದದ ಮೇಲೆ ಗಮಕ ಬರುತ್ತದೆಯೇ?" ಬಲ್ಲದವರು ಗಾದೆ ಹೇಳುತ್ತಾರೆ: ಹಾಡ್ತಾ ಹಾಡ್ತಾ ರಾಗ. ಎರಡೂ ಕೇಳಲು ಚೆನ್ನ. ಮೈಸೂರು, ಧಾರವಾಡ, ಬೆಂಗಳೂರಿನ ಮಗುವಿಗೆ ಗುರುವೂ ಉಂಟು, ಗುರುಮುಖವೂ ಉಂಟು. ಹೊಳಲ್ಕೆರೆ ತಾಲ್ಲೂಕಿನ ಹಳ್ಳಿಯ ಮಗುವಿಗೆ ಯಾರ ಮುಖ? ನಮ್ಮ ಕಡೆಯ ಶಾಲೆಗಳಲ್ಲಿ ಸಂಗೀತದ ಮೇಷ್ಟ್ರು ಸಿಗುವುದು ಅಪರೂಪ. ಕನ್ನಡವನ್ನೋ ಸಮಾಜವನ್ನೋ ಪಾಠ ಮಾಡುವ ನನ್ನಂಥವರೇ ಆಗಸ್ಟ್ ಹದಿನೈದಕ್ಕೂ ನವೆಂಬರ್ ಒಂದಕ್ಕೂ ಹಾಡು ಕಲಿಸಬೇಕು. ಆಗ ಗುರುಮುಖದ ಜಾಗದಲ್ಲಿ ಬಂದು ಕೂರುವುದು ಮೊಬೈಲು.

ನಮ್ಮ ಪರಂಪರೆ ಬರವಣಿಗೆಗೆ ಹೇಸಿತ್ತು ಎಂಬುದೂ ನಿಜವಲ್ಲ. ಎಟ್ಟಯಪುರದ ಸುಬ್ಬರಾಮ ದೀಕ್ಷಿತರು 1904ರಲ್ಲಿ 'ಸಂಗೀತ ಸಂಪ್ರದಾಯ ಪ್ರದರ್ಶಿನಿ'ಯನ್ನು ಹೊರತಂದರು. ಮುತ್ತುಸ್ವಾಮಿ ದೀಕ್ಷಿತರ ಕೃತಿಗಳನ್ನು ಸ್ವರಸಹಿತ ಬರೆದದ್ದಷ್ಟೇ ಅಲ್ಲ, ಗಮಕಗಳಿಗೂ ಗುರುತುಗಳನ್ನು ಹಾಕಿದರು. ಹಿಂದುಸ್ತಾನಿಯವರಿಗೆ ಭಾತಖಂಡೆಯವರು ಒಂದು ಸ್ವರಲಿಪಿ ಮಾಡಿಕೊಟ್ಟರು. ಪುರಂದರದಾಸರ ಹೆಸರಿನಲ್ಲಿ ನಡೆದುಬಂದ ಸರಳೆ, ಜಂಟಿ, ಅಲಂಕಾರ, ಪಿಳ್ಳಾರಿ ಗೀತೆಗಳನ್ನು ಇವತ್ತು ಮಕ್ಕಳು ಅಚ್ಚಾದ ಪುಸ್ತಕ ಮುಂದಿಟ್ಟುಕೊಂಡೇ ಕಲಿಯುತ್ತಾರೆ. ಅಲ್ಲಿ ಮೈಲಿಗೆಯಾಗದ ಕಾಗದ ಶಾಲೆಯ ಹಾಡಿಗೆ ಮಾತ್ರ ಹೇಗೆ ಮೈಲಿಗೆಯಾಯಿತು?

ಚಿಕ್ಕಜಾಜೂರು ರೈಲ್ವೆ ಜಂಕ್ಷನ್. ಹುಬ್ಬಳ್ಳಿ ದಾರಿಯಿಂದ ಚಿತ್ರದುರ್ಗದ ಕಡೆಯ ದಾರಿ ಒಡೆಯುವುದು ಇಲ್ಲೇ. ಯಾವ ಗಾಡಿ ಎಷ್ಟು ಹೊತ್ತಿಗೆ ಎಂಬುದು ಸ್ಟೇಷನ್ ಮಾಸ್ತರರಿಗೆ ಬಾಯಿಪಾಠ. ಆದರೂ ವೇಳಾಪಟ್ಟಿಯನ್ನು ಗೋಡೆಯ ಮೇಲೆ ಬರೆಸಿರುತ್ತಾರೆ. ಗೊತ್ತಿಲ್ಲದವರೂ ಪ್ರಯಾಣ ಮಾಡಬೇಕಲ್ಲ. ಸ್ವರಲಿಪಿಯ ಕೆಲಸವೂ ಅಷ್ಟೇ. ಅದು ವಿದ್ವಾಂಸರಿಗಲ್ಲ, ಗೊತ್ತಿಲ್ಲದವರಿಗೆ.

'ಜನ ಗಣ ಮನ'ವನ್ನೇ ನೋಡಿ. ರವೀಂದ್ರರು 1919ರಲ್ಲಿ ನಮ್ಮ ಗಡಿಯಾಚೆಯ ಮದನಪಲ್ಲಿಯಲ್ಲಿ ತಂಗಿದ್ದಾಗ ಮಾರ್ಗರೆಟ್ ಕಸಿನ್ಸ್ ಅದರ ಧಾಟಿಯನ್ನು ಸ್ವರಲಿಪಿಯಲ್ಲಿ ಬರೆದುಕೊಂಡರು. ರವೀಂದ್ರರ ಉಳಿದ ಹಾಡುಗಳೂ ಗಾಳಿಗೆ ಹೋಗಲಿಲ್ಲ. 'ಸ್ವರವಿತಾನ' ಎಂಬ ಹೆಸರಿನಲ್ಲಿ 60ಕ್ಕೂ ಹೆಚ್ಚು ಸಂಪುಟಗಳಾಗಿ ವಿಶ್ವಭಾರತಿಯಿಂದ ಅಚ್ಚಾದವು. ಬಂಗಾಳದ ಹಳ್ಳಿಯ ಹುಡುಗಿ ಹಾರ್ಮೋನಿಯಂ ಮುಂದೆ ಆ ಪುಸ್ತಕ ಬಿಡಿಸಿಟ್ಟುಕೊಂಡು, ಯಾರ ಹಂಗೂ ಇಲ್ಲದೆ ರವೀಂದ್ರರ ಹಾಡನ್ನು ಕಲಿಯಬಲ್ಲಳು. ನಮ್ಮ ಬೇಂದ್ರೆ, ಕುವೆಂಪು, ಕೆ.ಎಸ್.ನ. ಅವರ ಹಾಡನ್ನು ಹಾಗೆ ಕಲಿಯಬಲ್ಲ ಹುಡುಗಿ ನಮ್ಮ ಹಳ್ಳಿಗಳಲ್ಲಿ ಎಷ್ಟು ಮಂದಿ?

ನಾಡಗೀತೆಯ ಕಥೆ ಎಲ್ಲರಿಗೂ ಗೊತ್ತು. ಕುವೆಂಪು ಅವರ ಗೀತೆ 2004ರಲ್ಲಿ ನಾಡಗೀತೆಯಾಯಿತು. ಮೈಸೂರು ಅನಂತಸ್ವಾಮಿ ಅವರ ಧಾಟಿಯೋ ಸಿ. ಅಶ್ವತ್ಥ್ ಅವರ ಧಾಟಿಯೋ ಎಂದು ವರ್ಷಗಟ್ಟಲೆ ಜಗಳವಾಡಿದೆವು. ಅನಂತಸ್ವಾಮಿ 1995ರಲ್ಲಿ, ಅಶ್ವತ್ಥ್ 2009ರಲ್ಲಿ ತೀರಿಕೊಂಡಿದ್ದರು. ಕೊನೆಗೆ 2022ರಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯನ್ನು ಒಪ್ಪಿ, 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕೆಂದು ಆದೇಶಿಸಿತು. ಅದು ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಿ, 2024ರಲ್ಲಿ ಅರ್ಜಿ ವಜಾ ಆಯಿತು. ಆಗಲಿ, ಒಳ್ಳೆಯದೇ. ಆದರೆ ಆ ಎರಡೂವರೆ ನಿಮಿಷದ ಒಳಗೆ ಇರುವ ಸ್ವರಗಳನ್ನು ನಾನು ಯಾವ ಶಾಲೆಯ ಗೋಡೆಯ ಮೇಲೂ ಕಂಡಿಲ್ಲ. ನಮ್ಮ ಸುತ್ತಿನ ನಾಲ್ಕು ಶಾಲೆಗಳಿಗೆ ಹೋದರೆ ಅದೇ ಧಾಟಿ ನಾಲ್ಕು ಬಗೆಯಲ್ಲಿ ಕೇಳುತ್ತದೆ. ಗಡಿಯಾರ ಒಂದೇ, ಹಾಡು ನಾಲ್ಕು.

"ಮೊಬೈಲಿನಲ್ಲಿ ಹಾಡೇ ಇರುವಾಗ ಬರಹ ಯಾಕೆ?" ಎಂದು ಕೇಳುವವರಿಗೆ ಮಕ್ಕಳ ಗಂಟಲನ್ನು ತೋರಿಸಬೇಕು. ಧ್ವನಿಮುದ್ರಿಕೆಯಲ್ಲಿ ಹಾಡಿದವರು ದೊಡ್ಡವರು, ಎಷ್ಟೋ ಸಲ ಗಂಡಸರು. ಅವರ ಶ್ರುತಿ ಹಾರ್ಮೋನಿಯಂನ ಬಿಳಿ ಒಂದು, ಕಪ್ಪು ಒಂದರ ಆಸುಪಾಸಿನಲ್ಲಿರುತ್ತದೆ. ಹೆಣ್ಣುಮಕ್ಕಳಿಗೆ ಹಿತವಾಗುವುದು ಬಿಳಿ ಐದರ ಹತ್ತಿರ. ಆ ಟ್ರ್ಯಾಕ್ ಹಾಕಿ ಹಾಡಿ ಎಂದರೆ ಮಕ್ಕಳು ಕೆಳಗೆ ಗೊಣಗಬೇಕು, ಇಲ್ಲವೆ ಮೇಲೆ ಕಿರುಚಬೇಕು. ಕಿರುಚಿದ ಮಗುವನ್ನು ನಾವು ಏನು ಮಾಡುತ್ತೇವೆ? "ನಿನಗೆ ಸ್ವರ ಇಲ್ಲ, ಹಿಂದೆ ನಿಂತು ಸುಮ್ಮನೆ ಬಾಯಾಡಿಸು" ಎನ್ನುತ್ತೇವೆ. ಸ್ಪರ್ಧೆಯ ಹಿಂದಿನ ದಿನ ಈ ಮಾತು ಕೇಳಿಸಿಕೊಂಡು, ಆಮೇಲೆ ಹಾಡುವುದನ್ನೇ ಬಿಟ್ಟ ಹುಡುಗಿಯರನ್ನು ನಾನು ಬಲ್ಲೆ. ಅವರಿಗೆ ಸ್ವರ ಇತ್ತು. ಅವರದಲ್ಲದ ಶ್ರುತಿಯಲ್ಲಿ ಹಾಡಿಸಿದ್ದೆವು, ಅಷ್ಟೇ.

ಸ್ವರಲಿಪಿಯಲ್ಲಿ ಈ ತೊಂದರೆಯಿಲ್ಲ. ನಮ್ಮ 'ಸ' ಎಂಬುದಕ್ಕೆ ಕಟ್ಟಿದ ಗೂಟವಿಲ್ಲ. ಮಗುವಿನ ಗಂಟಲು ಎಲ್ಲಿ ಒಪ್ಪುತ್ತದೋ ಅಲ್ಲಿ ಇಟ್ಟುಕೊಂಡರೆ ಉಳಿದ ಆರು ಸ್ವರಗಳೂ ಜೊತೆಗೆ ಬರುತ್ತವೆ. ಕಲಿಯುವುದೂ ಕಷ್ಟವಲ್ಲ. ಮೇಲೆ ಚುಕ್ಕಿ ಇದ್ದರೆ ತಾರಸ್ಥಾಯಿ, ಕೆಳಗಿದ್ದರೆ ಮಂದ್ರ. ಅಲ್ಪವಿರಾಮಕ್ಕೆ ಒಂದು ಅಕ್ಷರ ಕಾಲ ಎಳೆಯಬೇಕು, ಅರ್ಧವಿರಾಮಕ್ಕೆ ಎರಡು. ಒಂದು ಅಡ್ಡಗೆರೆಗೆ ತಾಳದ ಅಂಗ, ಎರಡು ಗೆರೆಗೆ ಆವರ್ತ ಮುಗಿಯಿತು. ಕಾಗುಣಿತ ಕಲಿತ ಮಗುವಿಗೆ ಇದು ಯಾವ ಲೆಕ್ಕ?

ಕೂಡಿ ನುಡಿಸುವ ಮಕ್ಕಳ ಪಾಡು ಇನ್ನೂ ಕಷ್ಟ. ಒಬ್ಬನ ಹತ್ತಿರ ಕೀಬೋರ್ಡ್, ಒಬ್ಬಳ ಹತ್ತಿರ ಕೊಳಲು, ಇನ್ನೊಬ್ಬನಿಗೆ ತಬಲ. ಬಿದಿರಿನ ಕೊಳಲಿಗೆ ಅದರದೇ ಶ್ರುತಿ. ಕೀಬೋರ್ಡಿನಂತೆ ಗುಂಡಿ ಒತ್ತಿ ಬದಲಿಸಲಾಗದು. ಯಾರು ಯಾವಾಗ ಶುರು ಮಾಡಬೇಕು, ಹಾಡುವವರು ಉಸಿರೆಳೆದುಕೊಳ್ಳುವಾಗ ಯಾರು ನುಡಿಸಬೇಕು ಎಂಬುದು ಬರಹದಲ್ಲಿ ಇದ್ದರೆ ಮೂವರೂ ಅವರವರ ಮನೆಯಲ್ಲೇ ಅಭ್ಯಾಸ ಮಾಡಿಕೊಂಡು ಬರಬಹುದು. ಮೈಸೂರು ಅರಮನೆಯ ಬ್ಯಾಂಡಿನವರು 'ಕಾಯೌ ಶ್ರೀಗೌರಿ'ಯನ್ನು ಒಟ್ಟಾಗಿ ನುಡಿಸುತ್ತಿದ್ದ ಈ ನಾಡಿನಲ್ಲಿ, ನಮ್ಮ ಮಕ್ಕಳಿಗೆ ಉಳಿದದ್ದು ಪಥಸಂಚಲನದ ಡ್ರಮ್ಮಿನ ಸದ್ದು ಮಾತ್ರ.

ನಮ್ಮ ಜಿಲ್ಲೆಗೆ ಹಾಡಿನ ಬಡತನವಿಲ್ಲ ಎಂದು ಮತ್ತೆ ಹೇಳುತ್ತೇನೆ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಶಿವಸಂಚಾರ ತಂಡ 1997ರಿಂದ ಊರೂರು ತಿರುಗಿ ನಾಟಕ ಆಡುತ್ತ ಬಂದಿದೆ. ಒಳ್ಳೆಯ ನಾಟಕ ಬಂದುಹೋದ ಮರುದಿನ ಮಕ್ಕಳ ಬಾಯಲ್ಲಿ ರಂಗಗೀತೆಯೇ ರಂಗಗೀತೆ. ವಾರಕ್ಕೆ ಅರ್ಧ ಸಾಲು ಉಳಿಯುತ್ತದೆ, ತಿಂಗಳಿಗೆ ಅದೂ ಇಲ್ಲ. ಅದು ಆಡಿದವರ ತಪ್ಪಲ್ಲ, ಕೇಳಿದ ಮಕ್ಕಳ ತಪ್ಪೂ ಅಲ್ಲ. ಹಿಡಿದಿಟ್ಟುಕೊಳ್ಳಲು ಕೈಗೆ ಒಂದು ಹಾಳೆ ಸಿಗಲಿಲ್ಲ.

ಧಾಟಿಯನ್ನು ಬರೆದುಕೊಟ್ಟರೆ ಯಾರು ಬೇಕಾದರೂ ಜೆರಾಕ್ಸ್ ಮಾಡಿಕೊಳ್ಳುತ್ತಾರೆ, ಸಂಯೋಜಕರ ಹೊಟ್ಟೆಪಾಡು ಏನು ಎಂಬ ಪ್ರಶ್ನೆ ನ್ಯಾಯವಾದದ್ದು. ಆದರೆ ಈಗ ಅವರಿಗೆ ಸಿಗುತ್ತಿರುವುದಾದರೂ ಏನು? ಸಾವಿರ ಶಾಲೆ ಹಾಡಿದರೂ ಹೆಸರೇ ಹೇಳುವುದಿಲ್ಲ. ಹೆಸರು ಅಚ್ಚಾದ, ಬೆಲೆ ಅಚ್ಚಾದ ಪುಸ್ತಕವಿದ್ದರೆ ಶಾಲೆಗಳು ಕೊಳ್ಳುತ್ತವೆ. ಗ್ರಂಥಾಲಯದ ದುಡ್ಡಿನಲ್ಲಿ ಯಾರೂ ಓದದ ಎಷ್ಟೋ ಪುಸ್ತಕ ಕೊಂಡಿದ್ದೇವೆ. ಹಾಡುವ ಪುಸ್ತಕ ಕೊಳ್ಳಲು ಏನು ಅಡ್ಡಿ?

ಆದ್ದರಿಂದ ಹೊಸ ಹಾಡು ಬಿಡುಗಡೆ ಮಾಡುವವರಿಗೆ ನನ್ನದೊಂದು ತಕರಾರು. ವೇದಿಕೆ ಹಾಕಿ, ಹಾರ ಹಾಕಿಸಿಕೊಳ್ಳಿ, ಬೇಡ ಎನ್ನುವುದಿಲ್ಲ. ಆದರೆ ಹಾಡಿನ ಜೊತೆಗೆ ಎರಡು ಪುಟದ ಸ್ವರಲಿಪಿ ಕೊಡದೆ ಅದನ್ನು ಮಕ್ಕಳಿಗೆ ಅರ್ಪಣೆ ಎಂದು ಕರೆಯಬೇಡಿ. ಪಠ್ಯಪುಸ್ತಕ ಮಾಡುವವರೂ ತರಗತಿಗೆ ನಾಲ್ಕೇ ಪದ್ಯ ಆರಿಸಿ, ರಾಗ, ತಾಳ, ಸ್ವರ ಅಚ್ಚುಹಾಕಲಿ. ಗಮಕವನ್ನು ಮಕ್ಕಳು ಆಮೇಲೆ ಯಾರಿಂದಲಾದರೂ ಕಲಿತುಕೊಳ್ಳುತ್ತಾರೆ. ಮೊದಲು ಹಾಡು ಅವರ ಕೈಗೆ ಸಿಗಲಿ.